ಹೊನ್ನಪ್ಪನ ಕಾಯಿದೆಯ ಬೇಟೆ

ನಮ್ಮ ಮನೆತನದಲ್ಲಿ ಏಳು ತಲೆಮಾರಿನಿಂದ ಮೊಟ್ಟೆ ಒಡೆದವರಿಲ್ಲ. ಅಂಥ ಮನೆಯವನಾದ ನಾನು ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಒಬ್ಬ ಬೇಟೆಗಾರನನ್ನು ಹೊಗಳಿ ಬರೆಯಲು ಕೂತಿದ್ದೇನೆ. ಮೂಗು ಮುರಿಯುವವರು ಮುರಿಯಲಿ. ಹೊಗಳತಕ್ಕವರು ಎದುರಿಗಿದ್ದೂ ಹೊಗಳದವನು ಜಿಪುಣ. ಉಳಿದ ವಿಷಯಗಳಲ್ಲಿ ನಾನು ಜಿಪುಣನೇ ಇರಬಹುದು, ಹೆಂಡತಿ ಜಯಾ ಹಾಗೇ ಹೇಳುತ್ತಾಳೆ, ಇದರಲ್ಲಿ ಅಲ್ಲ.

ಬೇಟೆಗಾರನ ಹೆಸರು ಹೊನ್ನಪ್ಪ. ಗೋಕಾಕ ಸೀಮೆಯವನು, ಈಗ ಐವತ್ತೆಂಟು. ಬ್ರ್ಯಾಂಪ್ಟನ್ನಿನ ಒಂದು ಗೋದಾಮಿನಲ್ಲಿ ಟ್ರಕ್ಕುಗಳಿಗೆ ಲೋಡು ಜೋಡಿಸುವವರ ಮೇಲಿನ ಮೇಸ್ತ್ರಿ. ಐವತ್ಮೂರು ಅಡಿಯ ಟ್ರೇಲರಿನೊಳಗೆ ಯಾವ ಪೆಟ್ಟಿಗೆ ಎಲ್ಲಿ ಕೂಡಬೇಕೆಂದು ಅವನಿಗೆ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. 'ಕಡೀಕ ಇಳಿಯೂದು ಮೊದಲ ಏರಬೇಕು' ಎನ್ನುವುದು ಅವನ ಒಂದೇ ಸೂತ್ರ. ನಾನು ಅವನನ್ನು ಮೊದಲು ಗಮನಿಸಿದ್ದು ಕನ್ನಡ ಸಂಘದ ಗಣೇಶನ ಹಬ್ಬದಲ್ಲಿ. ನಾವು ನಿವೃತ್ತ ಪಂಡಿತರೆಲ್ಲ ಒಬ್ಬರಾದ ಮೇಲೊಬ್ಬರು ಭಾಷಣ ಬಿಗಿಯುತ್ತಿದ್ದಾಗ ಆತ ಹಿಂದೆ ನಿಂತು, ಮುಂದಿನ ಸಲ ಮೊದಲು ಬೇಕಾಗುವ ಕುರ್ಚಿಗಳು ಬಾಗಿಲ ಹತ್ತಿರ ಬರುವಂತೆ ಪೇರಿಸುತ್ತಿದ್ದ. ಆ ಹೊತ್ತಿನಲ್ಲಿ ಸಭಾಂಗಣದಲ್ಲಿ ಉಪಯೋಗಕ್ಕೆ ಬರುವ ಕೆಲಸ ಮಾಡಿದವನು ಅವನೊಬ್ಬನೇ.

ಹೊನ್ನಪ್ಪನ ಬೇಟೆಯ ಕಥೆ ಹೇಳಬೇಕಾದರೆ ಅವನ ತಂದೆಯ ಕಥೆ ಹೇಳಲೇಬೇಕು. ತಂದೆ ಭರಮಪ್ಪ ಬೇಡರ ಮನೆತನದವನು. ಹಿರಿಯರ ಕಾಲದಿಂದಲೂ ಅವರ ಮನೆಯಲ್ಲಿ ಒಂದು ಪದ್ಧತಿ: ಪಿತೃಪಕ್ಷ ಮುಗಿಯುವ ಮಾನವಮಿ ಅಮಾವಾಸ್ಯೆಯ ದಿನ ಸತ್ತ ಹಿರಿಯರಿಗೆ ಎಡೆ ಹಾಕುತ್ತಾರೆ, ಆ ಎಡೆಯಲ್ಲಿ ಅದೇ ಪಕ್ಷದಲ್ಲಿ ಆಡಿದ ಬೇಟೆಯ ಮಾಂಸ ಇರಬೇಕು. ಕಾಡುಪ್ರಾಣಿಗಳ ಬೇಟೆ ನಿಲ್ಲಿಸುವ ಕಾಯಿದೆ ಬಂದ ಮೇಲೂ ಭರಮಪ್ಪ ಒಂದು ವರ್ಷ ಎಡೆ ತಪ್ಪಬಾರದೆಂದು ಕಾಡಿನ ಅಂಚಿನಲ್ಲಿ ಒಂದು ಕಡವೆ ಹೊಡೆದ. ಸಿಕ್ಕಿಬಿದ್ದ. ಹಿಡಿದವರು ಕಡವೆಯ ಕೋಡನ್ನು ಅವನ ತಲೆಯ ಮೇಲೆ ಹೊರಿಸಿ ಸಂತೆಯ ನಡುವೆ ನಡೆಸಿಕೊಂಡು ಹೋದರು. ಮೂರು ತಿಂಗಳು ಒಳಗಿದ್ದು ಬಂದ ಮೇಲೆ ಊರು ಅವನನ್ನು 'ಕಳ್ಳಬ್ಯಾಟಿ ಭರಮಪ್ಪ' ಎಂದೇ ಕರೆಯಿತು. ಸಾಲೆಯಲ್ಲಿ ಹೊನ್ನಪ್ಪ 'ಕಳ್ಳಬ್ಯಾಟಿ ಮಗ'ನಾದ.

ಕಾಯಿದೆ ತಪ್ಪೆಂದು ಹೊನ್ನಪ್ಪ ಎಂದೂ ಅಂದವನಲ್ಲ. "ಕಡವಿ ಉಳೀಬೇಕಲ್ರಿ ಸಾಹೇಬ್ರ, ಕಾಯಿದೆ ಬೇಕ ಬೇಕು," ಎನ್ನುತ್ತಾನೆ. ಆದರೆ ಅವನಪ್ಪ ಆಮೇಲೆ ಮೂವತ್ತು ವರ್ಷ ಬದುಕಿದ್ದರೂ ಒಂದು ಉರುಲು ಕೂಡ ಹೆಣೆಯಲಿಲ್ಲ. ಅಮಾವಾಸ್ಯೆಗೆ ಕೋಳಿ ಇಡುತ್ತಿದ್ದರು. "ಹಿರೇರು ಒಲ್ಲೆ ಅನ್ನಂಗಿಲ್ಲ, ಆದ್ರ ನಗ್ತಾರ," ಎನ್ನುತ್ತಿದ್ದನಂತೆ ಭರಮಪ್ಪ. ಹೊನ್ನಪ್ಪನ ಜೀವನದ ಆಸೆ ಒಂದೇ ಆಗಿತ್ತು: ಯಾರೂ ಕಳ್ಳತನ ಅನ್ನಲಾರದ ಒಂದು ಬೇಟೆಯನ್ನು ಅಪ್ಪನ ಎಡೆಗೆ ಇಡಬೇಕು.

ಅದಕ್ಕೆ ಅವನು ಆರಿಸಿಕೊಂಡದ್ದು ಎಲ್ಕ್. ನಮ್ಮ ಕಡವೆಗೆ ದೊಡ್ಡಪ್ಪನ ಮಗ ಅನ್ನಬಹುದಾದ ಜಿಂಕೆ. ಗಂಡು ಮುನ್ನೂರು ಕಿಲೋ ದಾಟುತ್ತದೆ. ಈ ಪ್ರಾಂತದಲ್ಲಿ ನೂರು ವರ್ಷದ ಹಿಂದೆಯೇ ನಿರ್ನಾಮವಾಗಿದ್ದನ್ನು ಇಪ್ಪತ್ತೈದು ವರ್ಷದ ಕೆಳಗೆ ಆಲ್ಬರ್ಟಾದಿಂದ ತಂದು ಬಿಟ್ಟು ಬೆಳೆಸಿದರು. ಈಗ ಬ್ಯಾಂಕ್ರಾಫ್ಟ್ ಸುತ್ತಿನ ಕಾಡಿನಲ್ಲಿ ವರ್ಷಕ್ಕೆ ಕೆಲವೇ ಕೆಲವು ಜನರಿಗೆ, ಚೀಟಿ ಎತ್ತಿ, ಒಂದೊಂದು ಎಲ್ಕ್ ಹೊಡೆಯಲು ಪರವಾನಗಿ ಕೊಡುತ್ತಾರೆ. ಅದೂ ಸೆಪ್ಟೆಂಬರಿನಲ್ಲಿ ಒಂದೇ ವಾರ. ಉಳಿದ ಜಿಂಕೆಗಳಿಗೆ ನಮ್ಮ ಈ ದಕ್ಷಿಣ ಭಾಗದಲ್ಲಿ ಬಂದೂಕಿನ ಕಾಲ ಬರುವಷ್ಟರಲ್ಲಿ ಅಮಾವಾಸ್ಯೆ ದಾಟಿರುತ್ತದೆ. ಹಿಂದಿನ ವರ್ಷದ್ದನ್ನು ಫ್ರೀಜರಿನಿಂದ ತೆಗೆದು ಇಟ್ಟರೆ ಹಿರಿಯರಿಗೆ ನಡೆಯುವುದಿಲ್ಲ.

ಬಂದೂಕಿನ ಲೈಸೆನ್ಸಿಗೆ ಒಂದು ಕೋರ್ಸು, ಬೇಟೆಗೆ ಇನ್ನೊಂದು ಕೋರ್ಸು, ಎರಡಕ್ಕೂ ಪರೀಕ್ಷೆ, ಆಮೇಲೆ ಕಾರ್ಡು, ಅದರ ಮೇಲೆ ವರ್ಷ ವರ್ಷ ಚೀಟಿಯ ಅರ್ಜಿ. ರಾತ್ರಿ ಶಿಫ್ಟು ಮುಗಿಸಿ ಬಂದು ಹೊನ್ನಪ್ಪ ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. "ಅಪ್ಪಾ, ಯೂ ಆರ್ ದಿ ಓನ್ಲಿ ಗೈ ಹೂ ರೀಡ್ಸ್ ದಿ ಹೋಲ್ ಥಿಂಗ್," ಎಂದು ಅವನ ಮಗಳು ಶಿವಾನಿ ನಗುತ್ತಿದ್ದಳು. ಒಂಬತ್ತು ವರ್ಷ ಅರ್ಜಿ ಹಾಕಿದ. ಎಂಟು ವರ್ಷ 'ಆಯ್ಕೆಯಾಗಿಲ್ಲ' ಎಂದು ಬಂತು. ಗೋದಾಮಿನ ಪಂಜಾಬಿ ಡ್ರೈವರುಗಳಿಗೆ ಇದೊಂದು ಚೇಷ್ಟೆಯ ವಸ್ತುವಾಗಿತ್ತು. "ಹೊನ್ನಪ್ಪ ಭಾಯ್, ಕಬ್ ಖಿಲಾಓಗೆ?", ಯಾವಾಗ ತಿನ್ನಿಸುತ್ತೀ, ಎಂದು ಕೇಳುವರು. ಇವನು ಬೇಸರಪಡದೆ "ಆಯೇಗಾ, ಆಯೇಗಾ," ಎನ್ನುತ್ತಿದ್ದ.

ಕಳೆದ ವರ್ಷ ಚೀಟಿ ಎದ್ದಿತು. ಒಂದು ಗಂಡು ಎಲ್ಕಿನ ಟ್ಯಾಗು, ಅಂದರೆ ಪರವಾನಗಿ. ಸಾಲದ್ದಕ್ಕೆ ಬೇಟೆಯ ವಾರ ಸರಿಯಾಗಿ ಪಿತೃಪಕ್ಷದ ಕೊನೆಯ ವಾರದಲ್ಲೇ ಬಿದ್ದಿತ್ತು, ಮರುದಿನವೇ ಅಮಾವಾಸ್ಯೆ ಅನ್ನುವ ಹಾಗೆ. ಇವೆರಡೂ ಪ್ರತಿ ವರ್ಷ ಕೂಡಿ ಬರುವುದಿಲ್ಲ. ಇನ್ನೊಮ್ಮೆ ಚೀಟಿ ಏಳಲು ಇನ್ನೊಂಬತ್ತು ವರ್ಷ ಹಿಡಿದರೆ ಹೊನ್ನಪ್ಪನಿಗೆ ಅರವತ್ತೇಳು. ಅವನಿಗೆ ಸಿಗುವ ಅವಕಾಶ ಇದೊಂದೇ ಎಂದು ಅವನಿಗೂ ಗೊತ್ತಿತ್ತು, ಕೇಳಿದ ನನಗೂ ಗೊತ್ತಾಯಿತು.

ಇಲ್ಲಿ ನಾನು ಕಥೆಯೊಳಗೆ ಬರುತ್ತೇನೆ. ಸೇತುವೆಗಳ ಎಂಜಿನಿಯರ್ ಆಗಿ ಎಪ್ಪತ್ತೆಂಟನೆಯ ಇಸವಿಯಲ್ಲಿ ಧಾರವಾಡದಿಂದ ಈ ದೇಶಕ್ಕೆ ಬಂದವನು ನಾನು, ಹೆಸರು ಪ್ರಹ್ಲಾದ. ಈಗ ಕ್ಲೈನ್‌ಬರ್ಗಿನಲ್ಲಿ, ಇಬ್ಬರಿಗೆ ಬೇಕಾದ್ದಕ್ಕಿಂತ ದೊಡ್ಡ ಮನೆಯಲ್ಲಿದ್ದೇವೆ. ಎಂಬತ್ತೊಂಬತ್ತನೆಯ ಇಸವಿಯಲ್ಲಿ, ವಾನಪ್ರಸ್ಥದ ಹುಕಿ ಬಂದು, ಬ್ಯಾಂಕ್ರಾಫ್ಟ್ ಹತ್ತಿರ ಅರವತ್ತು ಎಕರೆ ಕಾಡು ಮತ್ತು ಒಂದು ಹುಲ್ಲುಗಾವಲು ಕೊಂಡಿದ್ದೆ. ವರ್ಷಕ್ಕೆರಡು ಸಲ ಹೋಗಿ ಸೊಳ್ಳೆ ಕಚ್ಚಿಸಿಕೊಂಡು ಬರುವುದೇ ನನ್ನ ವಾನಪ್ರಸ್ಥ. ಆ ಹುಲ್ಲುಗಾವಲಿಗೆ ಎಲ್ಕ್ ಬರುತ್ತವೆ. ಅವುಗಳ ಫೋಟೊ ತೋರಿಸಿ ಸಂಘದಲ್ಲಿ ಜಂಬ ಕೊಚ್ಚಿದವನೂ ನಾನೇ. ಖಾಸಗಿ ಜಮೀನಿನಲ್ಲಿ ಬೇಟೆಯಾಡಲು ಮಾಲೀಕನ ಒಪ್ಪಿಗೆ ಬೇಕು. ಹೊನ್ನಪ್ಪನಿಗೆ ಸರಕಾರ ಒಪ್ಪಿಗೆ ಕೊಟ್ಟಿತ್ತು. ಕೊಡಬೇಕಾದವನು ಉಳಿದದ್ದು ಈ ಪುಳಿಚಾರಿನ ಬ್ರಾಹ್ಮಣ.

ಜುಲೈಯಲ್ಲಿ ಒಂದು ಭಾನುವಾರ ಬಂದ. ಕೈಯಲ್ಲಿ ಒಂದು ಫೈಲು, ಒಂದು ಡಬ್ಬಿ ಕರದಂಟು. ಚಹಾ ಕುಡಿದು, ನನ್ನ ಜಮೀನಿನ ನಕ್ಷೆ ಬಿಚ್ಚಿದ. ಮೂವತ್ತೈದು ವರ್ಷದ ಮಾಲೀಕನಾದ ನನಗೆ ಗೊತ್ತಿಲ್ಲದ ತೊರೆ, ಏರು, ಬೇಲಿ ಎಲ್ಲ ಅದರಲ್ಲಿದ್ದವು.

"ಸಾಹೇಬ್ರ, ಒಲ್ಲೆ ಅಂದ್ರೂ ನಂಗೇನೂ ಬ್ಯಾಸರಿಲ್ಲರಿ. ಕೇಳೂದು ನನ್ನ ಕೆಲಸ, ಕೇಳಾಕ ಬಂದೇನಿ," ಎಂದ. ಆಮೇಲೆ ತಂದೆಯ ಕಥೆ ಹೇಳಿದ.

ಜಯಾ ಕೇಳಿದಳು: "ಆ ಪ್ರಾಣಿಗೆ ಭಾಳ ನೋವಾಗ್ತದೇನು ಹೊನ್ನಪ್ಪಾ?"

"ಆಗತೈತ್ರಿ ಬಾಯಾರ. ಸುಳ್ಳ ಯಾಕ ಹೇಳ್ಲಿ. ಕಡಿಮಿ ಆಗೂ ಹಂಗ ಹೊಡಿಯೂದು ನನ್ನ ಮ್ಯಾಲ ಐತಿ. ನೂರ ಹೆಜ್ಜಿ ಒಳಗ, ಅಡ್ಡ ನಿಂತಾಗ. ಇಲ್ಲಂದ್ರ ಹೊಡ್ಯಾಂಗಿಲ್ಲ."

ಅವಳಿಗೆ ಆ ಉತ್ತರ ಹಿಡಿಸಿತು. ನನಗೆ ಯಾವ ಉತ್ತರವೂ ಹಿಡಿಸುವ ಸ್ಥಿತಿಯಿರಲಿಲ್ಲ. ಇಲ್ಲ ಅನ್ನಲು ಬಾಯಿ ಬರಲಿಲ್ಲ, ಹೂಂ ಅನ್ನಲು ಮನಸ್ಸು ಬರಲಿಲ್ಲ. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಧರ್ಮ ನೆನಪಾಗುತ್ತದೆ. ಗಂಟಲು ಸರಿಮಾಡಿಕೊಂಡು, "ಆಗಲಿ. ಆದರ ಒಂದು ಮಾತು. ನಮ್ಮ ಭೂಮಿಯೊಳಗ ಏಕಾದಶಿ ದಿವಸ ಜೀವ ಹೋಗಬಾರದು," ಎಂದೆ.

ಹೊನ್ನಪ್ಪ ತಕ್ಷಣ ಫೈಲಿನಿಂದ ಕ್ಯಾಲೆಂಡರು ತೆಗೆದ. ನೋಡಿದರೆ ಏಕಾದಶಿ ಆ ವಾರದ ನಟ್ಟನಡುವಿನ ಬುಧವಾರ ಬಂದಿತ್ತು. ಇದ್ದ ಆರು ದಿನದಲ್ಲಿ ಒಂದು ಹೋಯಿತು. ಅವನು ಕೆಂಪು ಪೆನ್ನಿನಿಂದ ಬುಧವಾರಕ್ಕೆ ಗೀಟು ಹೊಡೆದು, "ಮಾತ ಕೊಟ್ಟೇನ್ರಿ," ಎಂದ. ನಾನು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದೆ.

ಅವನು ಹೋದ ಮೇಲೆ ಜಯಾ ಚಹದ ಕಪ್ಪು ಎತ್ತುತ್ತ, "ಏಕಾದಶಿ ನೆನಪಾತೇನ್ರಿ ನಿಮಗ? ಮೂವತ್ತು ವರ್ಷದ ಮ್ಯಾಲೆ?" ಎಂದಳು. ನಾನು ಪೇಪರು ಓದುತ್ತಿದ್ದವನ ಹಾಗೆ ಕೂತೆ. ನಿಜ, ನಾನು ಏಕಾದಶಿ ಬಿಟ್ಟು ಮೂವತ್ತು ವರ್ಷದ ಮೇಲಾಗಿತ್ತು. ಆಫೀಸು, ಸಕ್ಕರೆ ಕಾಯಿಲೆ, ಒಂದಲ್ಲ ಒಂದು ನೆಪ.

ಆಗಸ್ಟ್ ಪೂರ್ತಿ ಹೊನ್ನಪ್ಪ ರಜೆ ಸಿಕ್ಕಾಗಲೆಲ್ಲ ಬ್ಯಾಂಕ್ರಾಫ್ಟಿಗೆ ಹೋದ. ಎರಡು ಸಲ ನಾನೂ ಜೊತೆಗೆ ಹೋದೆ, ಜಮೀನಿನ ಮಾಲೀಕನೆಂಬ ಗತ್ತಿನಲ್ಲಿ. ಗತ್ತು ಮೊದಲ ಗಂಟೆಯಲ್ಲೇ ಇಳಿಯಿತು. ಅವನು ಮೊದಲು ನೋಡಿದ್ದು ಎಲ್ಕ್ ಎಲ್ಲಿ ಬರುತ್ತದೆ ಎಂದಲ್ಲ. ಬಿದ್ದರೆ ಹೊರಕ್ಕೆ ಹೇಗೆ ತರುವುದು ಎಂದು. ಮುನ್ನೂರು ಕಿಲೋ ಪ್ರಾಣಿಯನ್ನು ಬಿಸಿಲೇರುವ ಮೊದಲು ಕಡಿದು, ಚೀಲಕ್ಕೆ ತುಂಬಿ, ಐಸಿಗೆ ಹಾಕಬೇಕು. ಇಲ್ಲದಿದ್ದರೆ ಮಾಂಸ ಕೆಡುತ್ತದೆ. ಗಾಡಿ ಎಲ್ಲಿಯವರೆಗೆ ಬರುತ್ತದೆಂದು ಹೆಜ್ಜೆ ಎಣಿಸಿದ. ಗಾಡಿ ಬಾರದ ಕಡೆ ಎಂಥ ಎಲ್ಕ್ ನಿಂತರೂ ಹೊಡೆಯುವುದಿಲ್ಲ ಎಂದು ನಕ್ಷೆಯ ಅರ್ಧ ಭಾಗಕ್ಕೆ ಕಾಟು ಹಾಕಿದ. ಕಡೆಗೆ ಇಳಿಯುವುದು ಮೊದಲು ಏರಿತು.

ಆಮೇಲೆ ಪ್ರಾಣಿಯ ನಡೆ. ಸೆಪ್ಟೆಂಬರ್ ಗಂಡುಗಳಿಗೆ ಬೆದೆಯ ಕಾಲ. ಬೆಳಗಿನ ಜಾವ ಮತ್ತು ಸಂಜೆ ಕೂಗುತ್ತವೆ, ರಾಡಿಯಲ್ಲಿ ಹೊರಳಾಡುತ್ತವೆ, ಹೆಣ್ಣುಗಳ ಹಿಂದೆ ಗಾವಲಿಗೆ ಬರುತ್ತವೆ. ಹಗಲು ಬಿಸಿಯಾದರೆ ದಟ್ಟ ಕಾಡು ಬಿಟ್ಟು ಕದಲುವುದಿಲ್ಲ. ಹಿಂಡನ್ನು ನಡೆಸುವುದು ಗಂಡಲ್ಲ, ಒಂದು ಮುದಿ ಹೆಣ್ಣು. "ನಮ್ಮನಿ ಹಂಗರಿ," ಎಂದ ಹೊನ್ನಪ್ಪ. ಜೇಬಿನ ಡಬ್ಬಿಯಿಂದ ಚಿಟಿಕೆ ಅಕ್ಕಿಹಿಟ್ಟು ತೆಗೆದು ಗಾಳಿಗೆ ಬಿಟ್ಟು, ಅದು ತೇಲುವ ದಿಕ್ಕು ನೋಡುತ್ತ ನಿಲ್ಲುತ್ತಿದ್ದ. ಎಲ್ಕ್ ಬಡಗಣ ಕಾಡಿನಿಂದ ಇಳಿಯುತ್ತವೆ; ಗಾಳಿಯೂ ಬಡಗಣದಿಂದ ಬಂದರೆ ಮಾತ್ರ ನಮ್ಮ ವಾಸನೆ ಅವಕ್ಕೆ ಹತ್ತದು. ತೆಂಕಣ ಅಂಚಿನ ದೇವದಾರುಗಳ ಕೆಳಗೆ ಒಂದು ಮರೆ ಕಟ್ಟಿದ. ಗೋಕಾಕದ ಕಾಡಿನಲ್ಲಿ ಕಲಿತದ್ದು ಇಲ್ಲಿಗೂ ಹೊಂದಿತೇ ಎಂದು ಕೇಳಿದೆ. "ಗಾಳಿಗೆ ದೇಶ ಎಲ್ಲೈತ್ರಿ," ಎಂದ. ನಲವತ್ತು ವರ್ಷ ಗಾಳಿಯ ಒತ್ತಡದ ಲೆಕ್ಕ ಹಾಕಿದವನು ನಾನು. ಗಾಳಿಯನ್ನು ಹಾಗೆ ನಿಂತು ನೋಡಿದ್ದು ಅದೇ ಮೊದಲು.

ವಾರ ಬಂತು. "ನಮ್ಮ ಭೂಮಿ ಮ್ಯಾಲೆ ರಕ್ತ ಬೀಳೋದಾದ್ರ ನಮ್ಮ ಕಣ್ಣೂ ಅಲ್ಲಿರಬೇಕು. ಹೋಗಿ ಬರ್ರಿ," ಎಂದು ಜಯಾ ನನ್ನನ್ನು ದೂಡಿದಳು. ಬೇಟೆಯ ಜಾಗದಲ್ಲಿ ಎದ್ದು ಕಾಣಲೆಂದು ಹೊನ್ನಪ್ಪ ನನಗೂ ಒಂದು ಕಿತ್ತಳೆ ಬಣ್ಣದ ಜಾಕೀಟು, ಟೋಪಿ ತಂದಿದ್ದ. ಹಾಕಿಕೊಂಡು ನಿಂತರೆ ಜಯಾ, "ಸನ್ಯಾಸ ತಗೊಂಡ್ರೇನು? ಹೇಳಿ ಹೋಗ್ರಿ ಮತ್ತ," ಎಂದು ನಕ್ಕಳು.

ಸೋಮವಾರ ಏನೂ ಬರಲಿಲ್ಲ. ಮಂಗಳವಾರ ಸಂಜೆ ದೂರದಲ್ಲಿ ಒಂದು ಗಂಡು ಕೂಗಿತು. ಕುಕ್ಕರು ಸೀಟಿ ಹೊಡೆಯುವ ಮುಂಚೆ ಎಳೆದಾಡುತ್ತದಲ್ಲ, ಹಾಗೆ ಶುರುವಾಗಿ ಕಾಡು ತುಂಬಿಕೊಂಡಿತು. ನನ್ನ ಮೈಮೇಲೆ ಮುಳ್ಳೆದ್ದವು. ಹೊನ್ನಪ್ಪ ಕಣ್ಣು ಮುಚ್ಚಿ ಕೇಳಿ, "ನಾಳೆ ಇಳೀತೈತ್ರಿ," ಎಂದ. ಹೇಳಿದ ಮೇಲೆ ನಾಳೆ ಏನೆಂದು ಇಬ್ಬರಿಗೂ ನೆನಪಾಯಿತು.

ಬುಧವಾರ ಬೆಳಗಿನ ಜಾವ, ಜಮೀನಿನಲ್ಲಿದ್ದ ನನ್ನ ಮರದ ಕ್ಯಾಬಿನ್ನಿನಲ್ಲಿ ಎದ್ದರೆ ಹೊನ್ನಪ್ಪ ಒಲೆ ಹಚ್ಚಿರಲಿಲ್ಲ. ಮೇಜಿನ ಮೇಲೆ ನನಗಾಗಿ ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಮುಚ್ಚಿಟ್ಟಿದ್ದ. ಏಕಾದಶಿಯವರಿಗೆ ಏನು ನಡೆಯುತ್ತದೆಂದು ಜಯಾಳಿಗೆ ಫೋನು ಮಾಡಿ ಕೇಳಿದ್ದನಂತೆ. ಅವನು ತಾನೂ ಏನೂ ತಿಂದಿರಲಿಲ್ಲ. ಬಂದೂಕು ಪೆಟ್ಟಿಗೆಯಲ್ಲಿ ಬೀಗ ಹಾಕಿಯೇ ಇತ್ತು. "ನೋಡಾಕ ಏಕಾದಶಿ ಅಡ್ಡ ಬರಂಗಿಲ್ಲಲ್ರಿ. ಎಲ್ಲಿ ಇಳೀತೈತಿ ನೋಡಿ ಇಟ್ಕೊಂಡ್ರ ನಾಳೀಗ ಆತು," ಎಂದು ಬರೀ ದುರ್ಬೀನು ಹಿಡಿದು ಹೊರಟ. ನಾನು ಬೂಟು ಕಟ್ಟುವ ನೆಪದಲ್ಲಿ ಹಿಂದುಳಿದು, ಜಯಾ ಕಟ್ಟಿಕೊಟ್ಟಿದ್ದ ಬ್ರೆಡ್ಡು, ಶೇಂಗಾ ಚಟ್ನಿಯನ್ನು ಬಾಗಿಲ ಹಿಂದೆ ನಿಂತು ಗಬಗಬ ತಿಂದೆ. ಎಪ್ಪತ್ತಮೂರು ವರ್ಷದ ಮನುಷ್ಯ, ತನ್ನದೇ ಕ್ಯಾಬಿನ್ನಿನಲ್ಲಿ, ಬಾಗಿಲ ಹಿಂದೆ. ಬರೆಯಲು ನಾಚಿಕೆಯಾಗುತ್ತದೆ.

ಬೆಳಕು ಹರಿದು ಹತ್ತು ನಿಮಿಷವಾಗಿತ್ತು. ಗಾಳಿ ಬಡಗಣದ್ದೇ. ಮೊದಲು ಮೂರು ಹೆಣ್ಣು ಬಂದವು, ಅವುಗಳ ಹಿಂದೆ ಆ ಗಂಡು. ಒಂದೊಂದು ಕೋಡಿಗೆ ಆರಾರು ಕವಲು. ಕತ್ತಿನ ಕೂದಲು ರಾಡಿಯಿಂದ ಕಪ್ಪಾಗಿತ್ತು, ಬಾಯಿಂದ ಹಬೆ ಬರುತ್ತಿತ್ತು. ಬಂತು, ಬಂತು, ನಮ್ಮ ಮರೆಯಿಂದ ನಲವತ್ತು ಹೆಜ್ಜೆಯಲ್ಲಿ ಅಡ್ಡ ತಿರುಗಿ ನಿಂತು ಹುಲ್ಲು ಮೇಯತೊಡಗಿತು. ಹೊನ್ನಪ್ಪ ಒಂಬತ್ತು ವರ್ಷ ಕಾಗದದ ಮೇಲೆ ಬೇಡಿಕೊಂಡ ಹಾಗೆಯೇ, ಅಷ್ಟೇ ದೂರದಲ್ಲಿ, ಗಾಡಿ ಬರುವ ಜಾಗದಲ್ಲಿ.

ಏಳು ತಲೆಮಾರಿನ ಸಸ್ಯಾಹಾರ ಆ ಕ್ಷಣ ನನ್ನಿಂದ ಎಲ್ಲಿ ಓಡಿಹೋಯಿತೋ ಗೊತ್ತಿಲ್ಲ. ನಾನು ಅವನ ತೋಳು ಹಿಡಿದು ಪಿಸುಗುಟ್ಟಿದೆ: "ಹೊನ್ನಪ್ಪಾ, ಹೋಗಿ ಬಂದೂಕು ತರ್ರಿ. ಹಿಂದಿನಿಂದ ಹೋದ್ರ ಕಾಣಂಗಿಲ್ಲ."

ಅವನು ಕಣ್ಣು ಕೀಳದೆ, "ಇವತ್ತ ಏಕಾದಶಿ ಐತಲ್ರಿ ಸಾಹೇಬ್ರ," ಎಂದ.

ಗಂಡು ಅಲ್ಲಿ ಹನ್ನೊಂದು ನಿಮಿಷ ನಿಂತಿತು. ಕ್ಯಾಬಿನ್ನಿಗೆ ಹೋಗಿ ಬರಲು ಆರು ನಿಮಿಷ ಸಾಕಾಗಿತ್ತು; ನಾನು ಕೈಗಡಿಯಾರ ನೋಡುತ್ತಲೇ ಇದ್ದೆ. 'ನಾನು ಉಪವಾಸ ಇಲ್ಲ, ಆ ಕರಾರು ಬರೀ ಸೋಗು' ಎಂದು ಒಂದು ಮಾತು ಹೇಳಿದ್ದರೆ ಅವನು ಎದ್ದು ಹೋಗುತ್ತಿದ್ದನೋ ಏನೋ. ಹೇಳಲಿಲ್ಲ. ಹೊಟ್ಟೆಯಲ್ಲಿ ಬ್ರೆಡ್ಡು, ಬಾಯಲ್ಲಿ ಶೇಂಗಾದ ವಾಸನೆ ಇಟ್ಟುಕೊಂಡು ದೊಡ್ಡ ಮನುಷ್ಯನಾಗಿ ಕೂತೆ. ಹೊನ್ನಪ್ಪನ ಕಣ್ಣಿನಲ್ಲಿ ನೀರಿತ್ತು, ಮುಖದಲ್ಲಿ ನಗೆಯಿತ್ತು. "ಏನ್ ಚಂದ ಐತ್ರಿ," ಎಂದ. ಮುದಿ ಹೆಣ್ಣು ತಲೆ ಎತ್ತಿತು, ಹಿಂಡು ಕಾಡಿನೊಳಗೆ ಹೋಯಿತು.

ಗುರುವಾರ ಗಾಳಿ ತಿರುಗಿತು. ತೆಂಕಣದಿಂದ ಬಿಸಿ ಗಾಳಿ, ಜುಲೈಯ ಹಾಗೆ ಸೆಖೆ. ಅಕ್ಕಿಹಿಟ್ಟು ನೇರ ಕಾಡಿನ ಕಡೆ ತೇಲಿತು. ಹೊನ್ನಪ್ಪ ಮರೆ ಬಿಟ್ಟು ಪಡುವಣದ ಬೇಲಿಗೆ ಹೋಗಿ ಕೂತ. ಏನೂ ಬರಲಿಲ್ಲ. ಶುಕ್ರವಾರ ಸಂಜೆ ಒಂದು ಹೆಣ್ಣು, ಅದರ ಕರು ಬಂದವು. ಅವನ ಟ್ಯಾಗು ಗಂಡಿನದು. ಅವೆರಡೂ ಮೇದು ಹೋಗುವವರೆಗೆ ಅಲುಗಾಡದೆ ಕೂತ.

ಶನಿವಾರ ಕೊನೆಯ ದಿನ, ಭಾನುವಾರ ಎಡೆ ಹಾಕಬೇಕು. ಮಧ್ಯಾಹ್ನ ಮಳೆ ಬಿದ್ದು ತಂಪಾಯಿತು. ಸಂಜೆ ಐದಕ್ಕೆ ಅದೇ ಗಂಡು ಕೂಗಿತು, ಆದರೆ ಬೇಲಿಯಾಚೆ, ಪಕ್ಕದವರ ಜಮೀನಿನಲ್ಲಿ. ಅಲ್ಲಿ ಮರಮರಕ್ಕೂ ಪ್ರವೇಶವಿಲ್ಲ ಎಂಬ ಹಲಗೆ. ಆ ಮನೆಯವರು ಊರಲ್ಲಿರಲಿಲ್ಲ. ಹೊನ್ನಪ್ಪ ಆಗಸ್ಟಿನಲ್ಲಿ ಮೂರು ಸಲ ಹೋಗಿ ಬಾಗಿಲು ತಟ್ಟಿ ಬಂದಿದ್ದ. ಎರಡು ಗಂಟೆ ಆ ಪ್ರಾಣಿ ಬೇಲಿಯ ಆಚೆಯೇ ಕೂಗಿತು, ಇವನು ಬೇಲಿಯ ಈಚೆಯೇ ಕೂತ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಸೂರ್ಯ ಮುಳುಗಿ ಅರ್ಧ ಗಂಟೆಗೆ ಕಾಯಿದೆಯ ಹೊತ್ತು ಮುಗಿಯುತ್ತದೆ. ಹೊನ್ನಪ್ಪ ಗಡಿಯಾರ ನೋಡಿ, ಎದ್ದು, ಬಂದೂಕಿನಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡ.

"ಆತ್ರಿ ಸಾಹೇಬ್ರ," ಎಂದ. ಅಷ್ಟೇ.

ಪೀಟರ್‌ಬರೊ ಊರು ದಾಟುವವರೆಗೂ, ಮರಳುವ ದಾರಿಯುದ್ದಕ್ಕೂ, ನಾನು ನಿಜ ಹೇಳಬೇಕೆಂದು ಬಾಯಿ ತೆರೆಯುವುದು, ಮುಚ್ಚುವುದು ನಡೆದಿತ್ತು. ಗಾಡಿಯ ಹಿಂದೆ ಖಾಲಿ ಐಸ್ ಪೆಟ್ಟಿಗೆಗಳು ಗಡಗಡ ಅನ್ನುತ್ತಿದ್ದವು. ಹೊನ್ನಪ್ಪ ನನ್ನನ್ನು ಮನೆಗೆ ಬಿಟ್ಟು, "ನಾಳೆ ಬಾಯಾರನ್ನ ಕರಕೊಂಡ ಬರ್ರಿ, ನಿಮಗ ನಮ್ಮಾಕಿ ಬ್ಯಾರೆ ಪಾತ್ರೆಯಾಗ ಹೋಳಿಗಿ ಮಾಡ್ತಾಳ," ಎಂದು ಹೇಳಿ ಹೋದ.

ಭಾನುವಾರ ಹೋದೆವು. ಅವನ ಹೆಂಡತಿ ಶಾರದವ್ವ ಎಲ್ಕಿಗಾಗಿ ಬೇಸ್‌ಮೆಂಟಿನ ಫ್ರೀಜರನ್ನು ಖಾಲಿ ಮಾಡಿ, ತೊಳೆದು, ಒರೆಸಿ ಇಟ್ಟಿದ್ದಳಂತೆ. ಈಗ ಕೋಳಿ ತಂದು ಅಡುಗೆ ಮಾಡಿದ್ದಳು. "ಇರ್ಲಿ ಬಿಡ್ರಿ, ಹಿರೇರಿಗೆ ರೂಢಿ ಆಗೇತಿ," ಎಂದು ನಮಗೆ ಸಮಾಧಾನ ಹೇಳಿದಳು. ಗೋಡೆಗೆ ಭರಮಪ್ಪನ ಫೋಟೊ. ಬಿಗಿದ ತುಟಿ, ಎತ್ತರದ ರುಮಾಲು. ಅದರ ಮುಂದೆ ಬಾಳೆಲೆ. ಎಡೆ ಬಡಿಸುವ ಮೊದಲು ಮನೆಯ ಯಜಮಾನ ಆ ವರ್ಷದ ಸುದ್ದಿಯನ್ನು ಹಿರಿಯರಿಗೆ ಬಾಯಿಬಿಟ್ಟು ಹೇಳಬೇಕು, ಅದು ಅವರ ಮನೆಯ ರೀತಿ. ಹೊನ್ನಪ್ಪ ಮಂಡಿಯೂರಿ ಕೂತ.

"ಯಪ್ಪಾ, ಒಂಬತ್ತ ವರ್ಷಕ್ಕ ಚೀಟಿ ಎದ್ದಿತ್ತು," ಎಂದ. "ಗಾಳಿ ಬಡಗಣದ್ದಿತ್ತು. ನಲವತ್ತ ಹೆಜ್ಜಿ ಮ್ಯಾಲ ಬಂದ ನಿಂತಿತ್ತು, ಆರಾರ ಕವಲಿನ ಕ್ವಾಡ. ಸಾಹೇಬ್ರ ಉಪಾಸದ ದಿನ ಇತ್ತು. ಬಿಟ್ಟೆ."

ನನಗೆ ಇನ್ನು ತಡೆಯಲಾಗಲಿಲ್ಲ. "ಹೊನ್ನಪ್ಪಾ," ಎಂದೆ. "ಅವತ್ತು ನಾನು ಉಪವಾಸ ಇರಲಿಲ್ಲ. ಮುಂಜಾನೆ ಬ್ರೆಡ್ಡು ತಿಂದು ಬಂದಿದ್ದೆ. ಮೂವತ್ತು ವರ್ಷದಿಂದ ಒಂದು ಏಕಾದಶಿನೂ ಮಾಡಿಲ್ಲ. ನಿಮಗ ಒಲ್ಲೆ ಅನ್ನಲಿಕ್ಕೆ ಆಗದೇ ಆ ಮಾತು ಹೇಳಿದ್ದೆ. ಅಲ್ಲೇ ಬಾಯಿ ಬಿಟ್ಟಿದ್ರ ನಿಮ್ಮ ಬ್ಯಾಟಿ ನಿಮಗ ಸಿಗತಿತ್ತು."

ಶಾರದವ್ವ ಸೌಟು ಹಿಡಿದು ನಿಂತಲ್ಲೇ ನಿಂತಳು. ಜಯಾ ನೆಲ ನೋಡಿದಳು. ನನಗೆ ಅಳು ಬಂತು. ಬಂದದ್ದನ್ನು ಬಂತು ಎಂದೇ ಬರೆಯುತ್ತೇನೆ.

ಹೊನ್ನಪ್ಪ ತಿರುಗಿ ನನ್ನನ್ನು ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

"ಗೊತ್ತಿತ್ರಿ ಸಾಹೇಬ್ರ. ನಿಮ್ಮ ಜಾಕೀಟಿನ ಮ್ಯಾಲ ಬ್ರೆಡ್ಡಿನ ಪುಡಿ ಇತ್ತು."

"ಗೊತ್ತಿದ್ದೂ ಯಾಕ ಬಿಟ್ರಿ?"

"ಉಪಾಸ ನಿಮ್ಮದ್ರಿ. ಮಾತ ನಂದು."

ಆಮೇಲೆ ಎಡೆಯ ಕಡೆ ತಿರುಗಿ, ಫೋಟೊದ ಮುಖ ನೋಡುತ್ತ, ಬಿಟ್ಟಲ್ಲಿಂದ ಮುಂದುವರಿಸಿದ. "ಕೇಳಿದಿಲ್ಲೊ ಯಪ್ಪಾ? ಯಾರೂ ಕಾಯಾಕಿರಲಿಲ್ಲ, ಹಿಡ್ಯಾವ್ರಿರಲಿಲ್ಲ. ಆದ್ರೂ ಹೊಡೀಲಿಲ್ಲ. ಸಾಕ್ಷಿ ಇಲ್ಲೇ ಕುಂತಾರ. ಇನ್ನ ಮ್ಯಾಲ ನಿನ್ನ ಮಗನ್ನ ಕಳ್ಳಬ್ಯಾಟಿ ಮಗ ಅಂತ ಯಾರೂ ಅನ್ನಂಗಿಲ್ಲ. ಏಳು, ಉಣ್ಣು."